ಹೊಂಗೆ ಬೀಜ, ಕಬ್ಬಿನ ಪೆಟ್ರೋಲು, ಪಾವಗಡದ ಬಿಸಿಲು: ಇದರಲ್ಲಿ ನಮಗೆ ಯಾವುದು ಹೊಂದುತ್ತೆ?

ಹೊಂಗೆ_ನೆರಳು

ನಮ್ಮ ತೆಂಗಿನ ತೋಟದ ಬದುವಿನಲ್ಲಿ ಹದಿನೇಳು ಹೊಂಗೆ ಮರ ಇವೆ. ಹತ್ತು ಅಪ್ಪನ ಕಾಲದ್ದು. ಉಳಿದ ಏಳು ಹದಿನೈದು ವರ್ಷದ ಹಿಂದೆ ನಾನು ನೆಟ್ಟಿದ್ದು. ಆಗ ಯಾರೋ ಜೀಪಿನಲ್ಲಿ ಬಂದರು, ಸಸಿ ಪುಕ್ಕಟೆ ಕೊಟ್ಟರು, ಬೀಜದ ಎಣ್ಣೆಯಿಂದ ಡೀಸೆಲ್ ಆಗುತ್ತೆ, ಇನ್ನು ನಿಮ್ಮ ಬದುವೇ ನಿಮ್ಮ ಪೆಟ್ರೋಲ್ ಬಂಕ್ ಅಂದರು, ಬೀಜ ನಾವೇ ಕೊಳ್ಳುತ್ತೇವೆ ಅಂದರು. ಮರ ಬೆಳೆದವು. ಕಾಯಿ ಬಿಟ್ಟವು. ಜೀಪು ಮಾತ್ರ ತಿರುಗಿ ಬರಲಿಲ್ಲ. ಈಗ ಬೀಜ ಆರಿಸಿದರೆ ಸಂತೆಯ ವ್ಯಾಪಾರಿಗೆ ಹಾಕುತ್ತೇವೆ, ಇಲ್ಲದಿದ್ದರೆ ಮರದಡಿಯಲ್ಲೇ ಮೊಳೆಯುತ್ತವೆ.

ಇದು ಯಾಕೆ ನೆನಪಾಯ್ತು ಅಂದರೆ ನಿನ್ನೆ ಬಂಕಿನಲ್ಲಿ ಒಂದು ಜಗಳ ನೋಡಿದೆ. ಒಬ್ಬರು ‘ನನಗೆ ಎಥೆನಾಲ್ ಹಾಕದ ಪೆಟ್ರೋಲ್ ಕೊಡ್ರೀ’ ಅಂತ ಪಟ್ಟು ಹಿಡಿದಿದ್ದರು. ಎಥೆನಾಲ್ ಅಂದರೆ ಕಬ್ಬು, ಜೋಳದಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್ಟು. ಪೈಪ್ ಹಿಡಿದಿದ್ದ ಹುಡುಗ ‘ಎಲ್ಲಾ ಕಡೆ ಶೇಕಡಾ 20 ಇದ್ದೇ ಇದೆ ಸಾರ್, ನಾನೇನು ಮನೆಯಿಂದ ತಂದು ಬೆರೆಸ್ತೀನಾ’ ಅಂದ. ನನ್ನದು 2016ರ ಬೈಕು. ಮೊದಲು ಲೀಟರಿಗೆ 52 ಕಿಲೋಮೀಟರ್ ಕೊಡುತ್ತಿತ್ತು, ಈಗ 47. ಹಾಗಾಗಿ ಕೇಳ್ತಿದ್ದೀನಿ. ಈ ಜೈವಿಕ ಇಂಧನದಿಂದ ನಿಜಕ್ಕೂ ಲಾಭ ಯಾರಿಗೆ? ಇದಕ್ಕಿಂತ ಸೋಲಾರ್ ವಾಸಿನಾ? ಪಕ್ಷದ ಜಗಳ ಬೇಡ, ಅನುಭವ ಇದ್ದವರು ಹೇಳಿ.

ಗ್ಯಾರೇಜ್_ಮಾವ

ದಾವಣಗೆರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೈಕ್ ರಿಪೇರಿ ಮಾಡ್ತಿದ್ದೀನಿ. ಮೊದಲು ನಿಮ್ಮ ಮೈಲೇಜ್ ವಿಷಯ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ನೂರಕ್ಕೆ 20 ಬೆರೆಸಿದರೆ ಒಟ್ಟು ಶಕ್ತಿ ಶೇಕಡಾ ಆರೇಳು ಇಳಿಯುತ್ತೆ. 2021ರ ನೀತಿ ಆಯೋಗದ ವರದಿಯಲ್ಲೇ ಇದೆ, ಹಳೆ ಕಾರಿಗೆ 6ರಿಂದ 7, ಬೈಕಿಗೆ 3ರಿಂದ 4 ಅಂತ. ನಿಮ್ಮದು 52ರಿಂದ 47 ಅಂದರೆ ಹತ್ತರ ಹತ್ತಿರ ಬಂತು. ಎಲ್ಲಾ ಎಥೆನಾಲಿನ ತಲೆಗೆ ಕಟ್ಟಬೇಡಿ. ಚೈನು ನೋಡಿ, ಏರ್ ಫಿಲ್ಟರ್ ನೋಡಿ, ಟೈರಿಗೆ ಗಾಳಿ ಇದೆಯಾ ನೋಡಿ.

ಎರಡನೇದು. ಎಥೆನಾಲ್ ನೀರು ಕುಡಿಯುತ್ತೆ. ದಿನಾ ಓಡುವ ಗಾಡಿಗೆ ತೊಂದರೆ ಇಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ನಿಲ್ಲಿಸಿದ ಗಾಡಿ ಬಂದರೆ ಕಾರ್ಬುರೇಟರ್ ಬಟ್ಟಲು ಬಿಚ್ಚಿದ ಕೂಡಲೇ ಗೊತ್ತಾಗುತ್ತೆ. ತಳದಲ್ಲಿ ಮಸುಕು ನೀರು, ಜೆಟ್ ಬಾಯಲ್ಲಿ ಹಸಿರು ಪಾಚಿಯಂಥ ಕಿಲುಬು. ಹಳೆ ರಬ್ಬರ್ ಪೈಪು ಉಬ್ಬಿ ಮೆತ್ತಗಾಗಿರುತ್ತೆ, ಉಗುರಿನಲ್ಲಿ ಒತ್ತಿದರೆ ಗುರುತು ಉಳಿಯುತ್ತೆ. 2023ರ ಏಪ್ರಿಲ್ ಮೇಲಿನ ಗಾಡಿಗಳಲ್ಲಿ ಇದಕ್ಕೆ ತಡೆಯುವ ಪೈಪು, ವಾಷರ್ ಹಾಕಿ ಕೊಡುತ್ತಾರೆ. ಹಳೆಯದಕ್ಕೆ ನೀವೇ ಹಾಕಿಸಿಕೊಳ್ಳಿ, ಕೆಲವೇ ನೂರು ರೂಪಾಯಿ ಕೆಲಸ. ಗಾಡಿ ಸ್ಫೋಟ ಆಗುತ್ತೆ ಅನ್ನೋ ವಾಟ್ಸಾಪ್ ಕಥೆ ನಂಬಬೇಡಿ. ಏನೂ ಆಗೋದೇ ಇಲ್ಲ ಅನ್ನೋ ಜಾಹೀರಾತನ್ನೂ ನಂಬಬೇಡಿ.

ಕಬ್ಬುಗದ್ದೆ

ಮಂಡ್ಯದಿಂದ. ಲಾಭ ಯಾರಿಗೆ ಅಂತ ಕೇಳಿದ್ದೀರಿ, ನನಗೆ ಅಂತ ಬರೆದುಕೊಳ್ಳಿ. ಹತ್ತು ವರ್ಷದ ಹಿಂದೆ ನಾವು ಕಬ್ಬು ಸಾಗಿಸಿ ದುಡ್ಡಿಗಾಗಿ ಎಷ್ಟು ಸಲ ಕಾರ್ಖಾನೆ ಗೇಟಿಗೆ ಅಲೆದಿದ್ದೇವೆ ಗೊತ್ತಾ? ಒಂದು ವರ್ಷದ ಬಾಕಿ ಮುಂದಿನ ವರ್ಷದ ಕಬ್ಬು ಕಡಿಯುವಾಗ ಬರುತ್ತಿತ್ತು. ಅದೂ ಕಂತಿನಲ್ಲಿ. ಸಕ್ಕರೆ ಗೋದಾಮಿನಲ್ಲಿ ಕೂತಿದ್ದರೆ ಕಾರ್ಖಾನೆಯವನಾದರೂ ಎಲ್ಲಿಂದ ತರ್ತಾನೆ? ಎಥೆನಾಲ್ ಆದರೆ ತೈಲ ಕಂಪನಿ ಬೇಗ ದುಡ್ಡು ಹಾಕುತ್ತೆ. ನಮ್ಮ ಕಡೆ ಬಟವಾಡೆ ಬೇಗ ಆಗೋಕೆ ಶುರುವಾಗಿದ್ದು ಇದು ಬಂದ ಮೇಲೆನೇ. ಮೊದಲೆಲ್ಲ ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ, ಅಂದರೆ ಕಾಕಂಬಿಯನ್ನು ಏನು ಮಾಡೋದು ಅಂತ ತಲೆ ಕೆಡಿಸಿಕೊಳ್ಳುತ್ತಿದ್ದರು, ಈಗ ಅದೇ ಬಂಗಾರ.

ಹೊರದೇಶಕ್ಕೆ ಡಾಲರ್ ಸುರಿಯುವ ಬದಲು ನಮ್ಮ ಕೈಗೆ ಬರಲಿ ಬಿಡಿ. ಸರ್ಕಾರದ ಲೆಕ್ಕದಲ್ಲಿ 2014ರಿಂದ ಈಚೆಗೆ 1.4 ಲಕ್ಷ ಕೋಟಿಗೂ ಮೇಲೆ ವಿದೇಶಿ ವಿನಿಮಯ ಉಳಿದಿದೆ.

ಹೊಂಗೆ_ನೆರಳು

ಬಾಕಿ ಬರ್ತಿರೋದು ಸಂತೋಷ ಅಣ್ಣ. ಆದರೆ ಆ ನೀತಿ ಆಯೋಗದ ವರದಿಯಲ್ಲೇ ಇನ್ನೊಂದು ಮಾತಿದೆ. ಕಬ್ಬಿನ ಒಂದು ಲೀಟರ್ ಎಥೆನಾಲಿಗೆ 2,860 ಲೀಟರ್ ನೀರು. ನಮ್ಮ ಮನೆಗೆ ನೀರಿನ ಟ್ಯಾಂಕರ್ ಬಂದರೆ ಐದು ಸಾವಿರ ಲೀಟರ್. ಅಂದರೆ ಒಂದು ಟ್ಯಾಂಕರಿಗೆ ಎರಡು ಲೀಟರ್ ಎಥೆನಾಲೂ ಇಲ್ಲ. ನಮ್ಮ ಕಡೆ ಸಾವಿರ ಅಡಿ ಬೋರ್ ಕೊರೆಸಿ ತೆಂಗು ಉಳಿಸಿಕೊಂಡವರು ಇದನ್ನು ಓದಿದರೆ ಏನು ಅಂತಾರೆ ಹೇಳಿ.

ಕಬ್ಬುಗದ್ದೆ

ನೀರಿನ ಪಾಠ ಯಾವಾಗಲೂ ಕಬ್ಬಿಗೇ ಯಾಕೆ? ಭತ್ತಕ್ಕೆ ನೀರು ಬೇಡವಾ? ನಿಮ್ಮ ತೆಂಗಿಗೆ ಬೇಡವಾ? ನಮ್ಮದು ವಿಶ್ವೇಶ್ವರಯ್ಯ ನಾಲೆ, ಬೋರ್ ಅಲ್ಲ. ನೀರು ಬಂದರೆ ಕಬ್ಬು, ಇಲ್ಲದಿದ್ದರೆ ರಾಗಿ. ಮತ್ತೆ ಎಲ್ಲಾ ಎಥೆನಾಲಿಗೂ ಆ ಲೆಕ್ಕ ಹಚ್ಚಬೇಡಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಕೊನೆಯ ಕಾಕಂಬಿಯಿಂದ ಟನ್ ಕಬ್ಬಿಗೆ ಹತ್ತು ಹನ್ನೊಂದು ಲೀಟರ್ ಬರುತ್ತೆ. ಅದಕ್ಕೆ ಅಂತ ಬೇರೆ ನೀರು ಯಾರೂ ಹಾಯಿಸಲ್ಲ. ಸಕ್ಕರೆಯನ್ನೇ ತೆಗೆಯದೆ ನೇರ ಕಬ್ಬಿನ ಹಾಲಿನಿಂದ ಮಾಡಿದರೆ 70 ಲೀಟರ್. ನಿಮ್ಮ ತಕರಾರು ಅದರ ಮೇಲೆ ಇರಲಿ, ಒಪ್ಪುತ್ತೇನೆ. 2023ರಲ್ಲಿ ಮಳೆ ಕೈಕೊಟ್ಟಾಗ ಡಿಸೆಂಬರ್‌ನಲ್ಲಿ ಕೇಂದ್ರವೇ ಹಾಲಿನ ಎಥೆನಾಲಿಗೆ ತಡೆ ಹಾಕಿತ್ತು. ಸಕ್ಕರೆ ಸಾಲದು ಅಂತ.

ನಮಗೆ ಉರಿಯೋ ವಿಷಯ ಬೇರೆ ಇದೆ. ಕಾರ್ಖಾನೆಗೆ ಈಗ ಸಕ್ಕರೆ ದುಡ್ಡು, ಎಥೆನಾಲ್ ದುಡ್ಡು, ಸಿಪ್ಪೆ ಸುಟ್ಟು ಮಾಡಿದ ಕರೆಂಟಿನ ದುಡ್ಡು. ರೈತನ ರೇಟು ಮಾತ್ರ ಸಕ್ಕರೆ ಇಳುವರಿ ಮೇಲೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಗೆ ಕೂತಿದ್ದು ಸುಮ್ನೆ ಅಲ್ಲ. ಟನ್ನಿಗೆ 3,500 ಕೇಳಿದರು, ಕೊನೆಗೆ 3,300ಕ್ಕೆ ನಿಂತಿತು.

ಸಾವೊಪಾಲೊ_ರಿಟರ್ನ್

ಎಲ್ಲರೂ ‘ಬ್ರೆಜಿಲ್ ನೋಡಿ’ ಅಂತಾರೆ. ನಾನು ಕೆಲಸದ ಮೇಲೆ ಅಲ್ಲಿ ಮೂರು ವರ್ಷ ಇದ್ದೆ. 1975ರಲ್ಲೇ ಅವರು ಇದನ್ನು ಶುರು ಮಾಡಿದ್ದು, ತೈಲ ಬೆಲೆ ಏರಿದ ಹೊಡೆತಕ್ಕೆ. ಈಗ ಅಲ್ಲಿ ಪೆಟ್ರೋಲಿಗೆ ಶೇಕಡಾ 30 ಬೆರೆಸುತ್ತಾರೆ. ಆದರೆ ಬಂಕಿನಲ್ಲಿ ಎರಡು ಪೈಪು ಇರುತ್ತೆ. ಒಂದು ಬೆರಕೆ ಪೆಟ್ರೋಲು, ಒಂದು ಬರೀ ಎಥೆನಾಲು. ಹೆಚ್ಚಿನ ಕಾರುಗಳಿಗೆ ಯಾವುದನ್ನು ಹಾಕಿದರೂ ನಡೆಯುತ್ತೆ. ನಮ್ಮ ಡ್ರೈವರ್ ಬೋರ್ಡ್ ನೋಡಿ ತಲೆಯಲ್ಲೇ ಭಾಗಾಕಾರ ಮಾಡ್ತಿದ್ದ. ಎಥೆನಾಲ್ ಬೆಲೆ ಪೆಟ್ರೋಲಿನ ಶೇಕಡಾ 70ಕ್ಕಿಂತ ಕಡಿಮೆ ಇದ್ದರೆ ಎಥೆನಾಲ್, ಜಾಸ್ತಿ ಇದ್ದರೆ ಪೆಟ್ರೋಲ್. ಮೈಲೇಜ್ ಕಡಿಮೆ ಅಂತ ಯಾರೂ ಜಗಳ ಆಡಲ್ಲ, ಯಾಕಂದರೆ ಅದು ಬೆಲೆಯಲ್ಲೇ ಇದೆ, ಆರಿಸೋದು ಅವರ ಕೈಯಲ್ಲೇ ಇದೆ. ನಮ್ಮಲ್ಲಿ ಆರಿಸೋಕೂ ಇಲ್ಲ, ಬೆಲೆ ಇಳಿಸಿದ್ದೂ ಇಲ್ಲ. ಬಂಕಿನ ಜಗಳದ ಮೂಲ ಇಷ್ಟೇ ಅಂತ ನನಗನ್ನಿಸುತ್ತೆ.

ಇನ್ನೊಂದು. ಸಾವೊ ಪಾಲೊ ಕಡೆ ಕಬ್ಬು ಬಹುತೇಕ ಮಳೆಯಲ್ಲೇ ಬೆಳೆಯುತ್ತೆ. ನಾಲೆ ಇಲ್ಲ, ಪಂಪ್‌ಸೆಟ್ ಇಲ್ಲ. ಗಂಟೆಗಟ್ಟಲೆ ಕಾರಿನಲ್ಲಿ ಹೋದರೂ ಬರೀ ಕಬ್ಬು, ಒಂದು ಬೋರ್ ಕಾಣಲ್ಲ. ಅವರ ಎಂಜಿನ್ ತರಬಹುದು, ಅವರ ಮಳೆ ತರೋಕಾಗುತ್ತಾ?

ಹಾವೇರಿ_ಗೋವಿನಜೋಳ

ಕಬ್ಬಿನದಷ್ಟೇ ಮಾತಾಡ್ತಿದ್ದೀರಿ. ಈಗ ಎಥೆನಾಲಿನ ದೊಡ್ಡ ಪಾಲು ಧಾನ್ಯದ್ದು, ಅದರಲ್ಲೂ ಗೋವಿನಜೋಳ. ತೈಲ ಕಂಪನಿ ಜೋಳದ ಎಥೆನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ ಕೊಡುತ್ತೆ, ಕಬ್ಬಿನ ಹಾಲಿನದಕ್ಕೆ 65.61. ಹಾಗಾಗಿ ನಮಗೆ ಸುಗ್ಗಿ ಅಂದರು. 2024ರಲ್ಲಿ ರೇಟು ಚೆನ್ನಾಗಿತ್ತು ನಿಜ, ನಮ್ಮ ಓಣಿಯಲ್ಲಿ ನಾಲ್ಕು ಜನ ಹತ್ತಿ ಬಿಟ್ಟು ಜೋಳಕ್ಕೆ ಬಂದರು. ಮರುವರ್ಷ ಏನಾಯ್ತು? ಬೆಂಬಲ ಬೆಲೆ ಕ್ವಿಂಟಲಿಗೆ 2,400. ನವೆಂಬರ್‌ನಲ್ಲಿ ನಾನು ಟ್ರ್ಯಾಕ್ಟರ್ ತಗೊಂಡು ಹೋದಾಗ 2,000 ಕೂಡ ಇಲ್ಲ. ತೇವಾಂಶ ಜಾಸ್ತಿ ಅಂತ ಅದರಲ್ಲೂ ಮುರಿದರು. ಎರಡು ರಾತ್ರಿ ರಾಶಿ ಮೇಲೆ ತಾಡಪಾಲು ಹೊದಿಸಿ ಮಲಗಿದ್ದೆ.

ಕೋಳಿಫಾರಂ

ನಿಮಗೆ ರೇಟು ಚೆನ್ನಾಗಿದ್ದ 2024ರಲ್ಲಿ ನನ್ನ ಫಾರಂ ಅರ್ಧ ಖಾಲಿ ಇತ್ತು. ಕೋಳಿ ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಜೋಳವೇ. ವರ್ಷ ವರ್ಷ ಜೋಳ ರಫ್ತು ಮಾಡುತ್ತಿದ್ದ ದೇಶ ಆ ವರ್ಷ ಮಯನ್ಮಾರ್, ಉಕ್ರೇನ್ ಕಡೆಯಿಂದ ತರಿಸಿತು. ಮೊಟ್ಟೆ ಬೆಲೆ ಏರಿದಾಗ ಬೈದಿದ್ದು ನಮ್ಮನ್ನೇ. ತೈಲ ಹೊರಗಿಂದ ತರೋದು ತಪ್ಪಿಸೋಕೆ ಹೋಗಿ ಜೋಳ ಹೊರಗಿಂದ ತರೋದು, ಇದ್ಯಾವ ಉಳಿತಾಯ ಸ್ವಾಮಿ? ಎಥೆನಾಲ್ ತೆಗೆದ ಮೇಲಿನ ಹಿಂಡಿಯನ್ನು ಮೇವಿಗೆ ಮಾರ್ತಾರೆ ಅನ್ನೋದು ನಿಜ. ಆದರೆ ಜೋಳದ ಜಾಗಕ್ಕೆ ಅದನ್ನೇ ಪೂರ್ತಿ ಹಾಕೋಕಾಗಲ್ಲ, ಸ್ವಲ್ಪ ಬೆರೆಸಬಹುದು ಅಷ್ಟೇ.

ಲೆಕ್ಕದ_ಮೇಷ್ಟ್ರು

ನಿವೃತ್ತ ಹೈಸ್ಕೂಲ್ ಗಣಿತ ಮೇಷ್ಟ್ರು. ಒಂದು ಎಕರೆಯಿಂದ ಎಷ್ಟು ದೂರ ಹೋಗಬಹುದು ಅಂತ ಲೆಕ್ಕ ಹಾಕಿದೆ. ತಪ್ಪಿದ್ದರೆ ತಿದ್ದಿ.

ಕಬ್ಬು ಎಕರೆಗೆ 40 ಟನ್ ಅಂತಿಟ್ಟುಕೊಳ್ಳಿ. ಪೂರ್ತಿ ಹಾಲನ್ನು ಎಥೆನಾಲ್ ಮಾಡಿದರೆ ಟನ್ನಿಗೆ 70ರಂತೆ 2,800 ಲೀಟರ್. ಪೆಟ್ರೋಲಿನಲ್ಲಿ 45 ಕೊಡುವ ಸ್ಕೂಟರ್ ಬರೀ ಎಥೆನಾಲಿನಲ್ಲಿ 30 ಕೊಟ್ಟರೆ 84,000 ಕಿಲೋಮೀಟರ್. ಭೂಮಿಗೆ ಎರಡು ಸುತ್ತು.

ಈಗ ಪಾವಗಡದ ಸೋಲಾರ್ ಪಾರ್ಕು. 13,000 ಎಕರೆ, 2,050 ಮೆಗಾವ್ಯಾಟ್. ಎಕರೆಗೆ ಸುಮಾರು 157 ಕಿಲೋವ್ಯಾಟ್ ಬಂತು. ಒಂದು ಕಿಲೋವ್ಯಾಟಿಗೆ ದಿನಕ್ಕೆ 4 ಯೂನಿಟ್ ಹಿಡಿದರೆ ವರ್ಷಕ್ಕೆ 2.29 ಲಕ್ಷ ಯೂನಿಟ್. ಕರೆಂಟ್ ಸ್ಕೂಟರ್ ಯೂನಿಟಿಗೆ 30 ಕಿಲೋಮೀಟರ್ ಹೋದರೆ 68 ಲಕ್ಷ ಕಿಲೋಮೀಟರ್. ಭೂಮಿಗೆ 170 ಸುತ್ತು.

ಎಂಬತ್ತು ಪಟ್ಟು ವ್ಯತ್ಯಾಸ! ತಂತಿಯಲ್ಲಿ, ಬ್ಯಾಟರಿಯಲ್ಲಿ ಅರ್ಧ ಸೋರಿತು ಅಂದರೂ ನಲವತ್ತು ಪಟ್ಟು. ನನಗೇ ನಂಬಿಕೆ ಬರದೆ ಎರಡು ಸಲ ಹಾಕಿದೆ. ಗಿಡ ಬಿಸಿಲನ್ನು ತಿಂದು ಶಕ್ತಿ ಮಾಡೋದರಲ್ಲಿ ಬಹಳ ದಡ್ಡ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೋ ಎರಡೋ ಹಿಡಿಯುತ್ತೆ. ಪ್ಯಾನಲ್ ಇಪ್ಪತ್ತು ಹಿಡಿಯುತ್ತೆ.

ಕಬ್ಬುಗದ್ದೆ

ಮೇಷ್ಟ್ರೇ, ಲೆಕ್ಕ ಸರಿ. ಆದರೆ ನನ್ನ ಒಂದೂವರೆ ಎಕರೆಗೆ ಪ್ಯಾನಲ್ ಹಾಸಿ ನಾನು ಏನು ತಿನ್ನಲಿ, ಯೂನಿಟ್ಟಾ?

ಪಾವಗಡದ_ಬಿಸಿಲು

ನಮ್ಮ ಊರಿನ ಹೆಸರು ಬಂದ ಮೇಲೆ ಸುಮ್ಮನಿರೋಕಾಗಲ್ಲ. ತಿರುಮಣಿ, ವಳ್ಳೂರು, ಬಾಲಸಮುದ್ರ ಕಡೆ ಐದು ಹಳ್ಳಿಗಳ ಜಮೀನು ಅದು. ಕೊಂಡಿದ್ದಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ನಮ್ಮಲ್ಲಿ ಕಡಲೆಕಾಯಿ ಬಿತ್ತಿ ಬೀಜದ ದುಡ್ಡೂ ಹುಟ್ಟದ ವರ್ಷಗಳೇ ಜಾಸ್ತಿ. ಹತ್ತು ಎಕರೆ ಇದ್ದವನಿಗೆ ಮನೆಯಲ್ಲಿ ಕೂತರೂ ವರ್ಷಕ್ಕೆ ಎರಡು ಲಕ್ಷ. ನಮ್ಮ ದೊಡ್ಡಪ್ಪ ಆ ದುಡ್ಡಿನಲ್ಲಿ ಸಾಲ ತೀರಿಸಿದರು, ಮನೆಗೆ ತಾರಸಿ ಹಾಕಿಸಿದರು. ಇದನ್ನು ಮೊದಲು ಹೇಳಬೇಕು.

ಇನ್ನೊಂದು ಮಗ್ಗುಲು ಕೇಳಿ. ಜಮೀನು ಇಲ್ಲದವನಿಗೆ ಗುತ್ತಿಗೆ ದುಡ್ಡು ಎಲ್ಲಿಂದ ಬರಬೇಕು? ದೊಡ್ಡಪ್ಪನ ಹೊಲದಲ್ಲಿ ಕಳೆ ಕೀಳೋಕೆ, ಕಾಯಿ ಬಿಡಿಸೋಕೆ ಬರುತ್ತಿದ್ದ ಹೆಂಗಸರು ಆರು ಜನ. ಕಾಯಿ ಬಿಡಿಸುವ ಕಾಲಕ್ಕೆ ಸಂಜೆ ಅವರ ಮಡಿಲಲ್ಲಿ ಸೇರು ಕಾಯಿ ಇರುತ್ತಿತ್ತು, ಕೂಲಿ ಬೇರೆ. ಈಗ ಅವರಲ್ಲಿ ಇಬ್ಬರು ಬೆಂಗಳೂರಿನಲ್ಲಿ ಮನೆ ಕೆಲಸಕ್ಕೆ ಇದ್ದಾರೆ. ಒಬ್ಬಳು ಪ್ಯಾನಲ್ ನಡುವಿನ ಹುಲ್ಲು ಕೀಳ್ತಾಳೆ. ಕುರಿ ಸಾಕಿದವರದ್ದು ಇನ್ನೊಂದು ಗೋಳು. ಮೊದಲು ಬೆಳೆ ಕೊಯ್ದ ಹೊಲಕ್ಕೆ ಯಾರ ಕುರಿಯಾದರೂ ನುಗ್ಗಬಹುದಿತ್ತು, ಈಗ ತಂತಿ ಬೇಲಿ. ಬೇಲಿ ಸುತ್ತಿಕೊಂಡು ಹೋಗೋಕೆ ಹಿಂಡು ಹಿಡಿದವನಿಗೆ ಅರ್ಧ ದಿನ ಬೇಕು.

ಸೋಲಾರ್ ಬೇಡ ಅಂತ ನಾನು ಹೇಳ್ತಿಲ್ಲ. ಹೊಗೆ ಇಲ್ಲ, ಸದ್ದಿಲ್ಲ, ಒಳ್ಳೇದೇ. ಆದರೆ ‘ಪಾಳು ಜಮೀನು’ ಅಂತ ಕಾಗದದಲ್ಲಿ ಬರೀತಾರಲ್ಲ, ಆ ಪಾಳು ಜಮೀನಿನಲ್ಲೂ ಯಾರೋ ಒಬ್ಬರು ಬದುಕ್ತಿರ್ತಾರೆ.

ಹೊಂಗೆ_ನೆರಳು

ಈ ಕೊನೆಯ ಮಾತು ಎಥೆನಾಲಿಗೂ, ಹೊಂಗೆಗೂ ಹೊಂದುತ್ತೆ. 2003ರ ಬಯೋಡೀಸೆಲ್ ಮಿಷನ್ ನೆನಪಿದೆಯಾ? ಜಟ್ರೋಫಾ, ಅಂದರೆ ನಮ್ಮ ಬೇಲಿಯ ಕಾಡುಹರಳು. ಪಾಳು ನೆಲದಲ್ಲಿ ನೀರಿಲ್ಲದೆ ಬೆಳೆಯುತ್ತೆ ಅಂದರು. ಗಿಡ ಬದುಕಿತು ನಿಜ, ಕಾಯಿ ಬಿಡಲಿಲ್ಲ. ಕಾಯಿ ಬೇಕು ಅಂದರೆ ಅದಕ್ಕೂ ನೀರು, ಗೊಬ್ಬರ ಬೇಕು. ಅಷ್ಟು ಹಾಕೋದಾದರೆ ಟೊಮೇಟೊ ಹಾಕಲ್ವಾ ರೈತ?

ರಾತ್ರಿಪಾಳಿ

ಸೋಲಾರ್ ಭಕ್ತರಿಗೆ ಒಂದೇ ಪ್ರಶ್ನೆ. ಸಂಜೆ ಏಳಕ್ಕೆ ಏನು ಮಾಡ್ತೀರಿ? ಆ ಹೊತ್ತಿಗೇ ಮನೆಮನೆಯಲ್ಲೂ ಮಿಕ್ಸಿ, ಗೀಸರ್, ಟೀವಿ. ಆಗ ಕೈಹಿಡಿಯೋದು ಲಿಂಗನಮಕ್ಕಿ ನೀರು, ರಾಯಚೂರು ಬಳ್ಳಾರಿ ಕಲ್ಲಿದ್ದಲು, ಕೈಗಾ ಅಣುಸ್ಥಾವರ. ಕೈಗಾದ ಮೊದಲ ಘಟಕ 2018ರ ಕೊನೆಯವರೆಗೆ 962 ದಿನ ಒಂದು ಸಲವೂ ನಿಲ್ಲದೆ ಓಡಿತ್ತು. ಯಾವ ಬಿಸಿಲು, ಯಾವ ಗಾಳಿ ಹಾಗೆ ಓಡುತ್ತೆ? ಗದಗದ ಗಾಳಿಗಿರಣಿಗಳು ಆಷಾಢದಲ್ಲಿ ಕುಣಿಯುತ್ತವೆ, ಆಮೇಲೆ ನಿದ್ದೆ.

ಹಗಲಿನ ಹೆಚ್ಚುವರಿ ಕರೆಂಟಿನಲ್ಲಿ ನೀರನ್ನು ಮೇಲೆ ಹತ್ತಿಸಿ ರಾತ್ರಿ ಬಿಡಬೇಕು. ಶರಾವತಿ ಪಂಪ್ಡ್ ಸ್ಟೋರೇಜ್ ಅದಕ್ಕೇ ಮಾಡ್ತಿರೋದು. 2,000 ಮೆಗಾವ್ಯಾಟ್.

ಮಲೆನಾಡ್_ಅಡಿಕೆ

ಶರಾವತಿ ಅಂದ ಕೂಡಲೇ ನಮಗೆ ಮೈ ಉರಿಯುತ್ತೆ. 1960ರ ದಶಕದಲ್ಲಿ ಲಿಂಗನಮಕ್ಕಿಗೆ ಮುಳುಗಿದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಈಗ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೀತಾರಂತೆ, ಅದೂ ಸಿಂಗಳೀಕಗಳ ಅಭಯಾರಣ್ಯದಲ್ಲಿ. ಹಸಿರು ಕರೆಂಟಿಗೆ ಹಸಿರು ಕಾಡೇ ಬೇಕಾ? ಐದು ಯೂನಿಟ್ ಸುರಿದು ನಾಲ್ಕು ವಾಪಸ್ ಪಡೆಯುವ ಯಂತ್ರ ಅದು. ಬೇರೆ ಕಡೆ ಬ್ಯಾಟರಿ ಇಡಿ, ಬೇಡ ಅಂದವರು ಯಾರು?

ನನ್ನ ಓಟು ಸಗಣಿ ಗ್ಯಾಸಿಗೆ. ನಗಬೇಡಿ. ಸಿರ್ಸಿ ಸಿದ್ದಾಪುರ ಕಡೆ ಬಂದರೆ ಕೊಟ್ಟಿಗೆಯ ಪಕ್ಕ ನೆಲದೊಳಗೆ ಹೂತ ಗುಮ್ಮಟ ಎಷ್ಟೋ ಮನೆಯಲ್ಲಿ ಇದೆ. ನಮ್ಮದು ಎರಡು ಘನ ಮೀಟರಿನ ದೀನಬಂಧು ಮಾದರಿ. ದಿನಕ್ಕೆ ಐವತ್ತು ಕೆಜಿ ಸಗಣಿ, ಅಷ್ಟೇ ನೀರು. ಬೆಳಿಗ್ಗೆ ಕಲಸಿ ಬಿಟ್ಟರೆ ಐದು ಜನರ ಅಡುಗೆ ಮುಗಿಯುತ್ತೆ. ಹೆಚ್ಚುಕಮ್ಮಿ ಹದಿನಾರು ದಿನಕ್ಕೆ ಒಂದು ಸಿಲಿಂಡರ್ ಉಳಿದ ಹಾಗೆ. ಹೊರಗೆ ಬರುವ ಬಗ್ಗಡ ಅಡಿಕೆ ಬುಡಕ್ಕೆ. ಹಸಿ ಸಗಣಿಯಂತೆ ವಾಸನೆ ಇಲ್ಲ, ನೊಣ ಇಲ್ಲ. ಇದಕ್ಕೆ ಎಕರೆ ಬೇಡ, ನಾಲೆ ಬೇಡ.

ಕಷ್ಟವೂ ಹೇಳ್ತೀನಿ. ಜುಲೈ ಮಳೆಯಲ್ಲಿ ಗುಂಡಿ ತಣ್ಣಗಾಗಿ ಗ್ಯಾಸು ಸೊರಗುತ್ತೆ, ಉರಿ ನೀಲಿಯಿಂದ ದೀಪದ ಬತ್ತಿಯಷ್ಟಕ್ಕೆ ಬರುತ್ತೆ. ಆಗ ಅಮ್ಮ ಬಿಸಿನೀರು ಸುರಿದು ಕಲಸ್ತಾರೆ. ನಮ್ಮ ಕೇರಿಯಲ್ಲಿ ಹನ್ನೊಂದು ಗುಂಡಿ ಇದ್ದವು, ಈಗ ನಾಲ್ಕು ನಡೆಯುತ್ತಿವೆ. ಗುಂಡಿ ಕೆಟ್ಟಿಲ್ಲ. ದನ ಇಲ್ಲ. ಮಕ್ಕಳು ಬೆಂಗಳೂರಲ್ಲಿ, ಎಂಬತ್ತರ ಅಜ್ಜ ಐದು ದನ ಹೇಗೆ ನೋಡ್ಕೋತಾರೆ?

ಲೆಕ್ಕದ_ಮೇಷ್ಟ್ರು

ಸಗಣಿ ಗ್ಯಾಸಿನ ವಿಷಯಕ್ಕೆ ಒಂದು ಹಳೆ ಸಂಗತಿ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕೆ ಅಂತ ‘ಅಸ್ತ್ರ’ ಎಂಬ ಕೇಂದ್ರ ಶುರು ಮಾಡಿದರು. ಅಸ್ತ್ರ ಒಲೆ ನಮ್ಮ ಮನೆಯಲ್ಲೂ ಇತ್ತು. ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಲ್ಲಿ ಹೊರಗೆ. ಅದೇ ತಂಡ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರ ಸಗಣಿ ಸೇರಿಸಿ ಗ್ಯಾಸ್ ಮಾಡಿ, ಅದರಿಂದ ಸಣ್ಣ ಎಂಜಿನ್ ಓಡಿಸಿ, ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟಿತ್ತು. ಮೊದಲು ಅಡುಗೆ ಗ್ಯಾಸ್ ಕೊಡೋಣ ಅಂತಿದ್ದರಂತೆ, ಅಷ್ಟು ಸಗಣಿ ಸಾಲದು ಅಂತ ದೀಪ, ನೀರಿಗೆ ತಿರುಗಿಸಿದರು.

ಹೊಂಗೆಯದ್ದೂ ಅದೇ ಸಂಸ್ಥೆ. ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ಬೋರಿನ ನೀರು ಎತ್ತಿಸಿದ್ದರು. ಇವೆಲ್ಲ ಆಗಲ್ಲ ಅನ್ನೋದು ತಪ್ಪು. ಆಗಿತ್ತು.

ಹೋಟ್ಲು_ಹುಡುಗ

ಇಷ್ಟು ದೊಡ್ಡ ಚರ್ಚೆಯಲ್ಲಿ ಬೋಂಡಾ ಎಣ್ಣೆ ಯಾರೂ ನೆನೆಯಲಿಲ್ಲ! ನಮ್ಮ ಹೋಟ್ಲಲ್ಲಿ ಕರಿದ ಎಣ್ಣೆಯನ್ನು ಡಬ್ಬದಲ್ಲಿ ತುಂಬಿಸಿ ಬಯೋಡೀಸೆಲ್ ಮಾಡುವವರಿಗೆ ಕೊಡ್ತೀವಿ. 2018ರಿಂದ ಇದಕ್ಕೆ ಸರ್ಕಾರದ ನಿಯಮವೇ ಇದೆ. ಎಣ್ಣೆಯಲ್ಲಿ ಕೆಟ್ಟ ಅಂಶ ಶೇಕಡಾ 25 ದಾಟಿದರೆ ಮತ್ತೆ ಕರಿಯಬಾರದು. ಮುಂಚೆ ಅದೇ ಎಣ್ಣೆಯನ್ನು ತಳ್ಳುಗಾಡಿಯವರು ಕಡಿಮೆ ರೇಟಿಗೆ ಒಯ್ಯುತ್ತಿದ್ದರು. ಲಾರಿ ಕುಡಿಯಲಿ ಬಿಡಿ, ಜನ ಕುಡಿಯೋದಕ್ಕಿಂತ ವಾಸಿ ಅಲ್ವಾ.

ಹೊಂಗೆ_ನೆರಳು

ಎಲ್ಲಾ ಓದಿದೆ. ನನ್ನ ತಲೆಯಲ್ಲಿ ಈಗ ಒಂದು ಗೆರೆ ಬಿದ್ದಿದೆ. ಉಳಿದದ್ದರಿಂದ ಮಾಡಿದ್ದು ಬೇರೆ, ಅದಕ್ಕಾಗೇ ಬೆಳೆದದ್ದು ಬೇರೆ. ಸಗಣಿ, ಕೊನೆಯ ಕಾಕಂಬಿ, ಬೋಂಡಾ ಎಣ್ಣೆ, ಬದುವಿನ ಹೊಂಗೆ ಒಂದು ಕಡೆ. ನೀರು ಹಾಯಿಸಿ ಬೆಳೆದ ಕಬ್ಬಿನ ಹಾಲು, ಕೋಳಿ ಬಾಯಿಂದ ಕಿತ್ತ ಜೋಳ ಇನ್ನೊಂದು ಕಡೆ. ಎರಡಕ್ಕೂ ಜೈವಿಕ ಇಂಧನ ಅಂತ ಒಂದೇ ಹೆಸರು ಇಟ್ಟಿದ್ದೇ ಗೋಜಲು. ಓಡಾಟಕ್ಕೆ ಅಂತ ಒಳ್ಳೆ ಹೊಲ ಕೊಡೋದಾದರೆ ಮೇಷ್ಟ್ರ ಲೆಕ್ಕದಂತೆ ಬಿಸಿಲಿಗೇ ಕೊಡಬೇಕು, ಆದರೆ ಪಾವಗಡದವರು ಹೇಳಿದಂತೆ ಕೂಲಿಯವರ ಪಾಲು ಮೊದಲೇ ಬರೆದುಕೊಂಡು. ಉಳಿದದ್ದರಿಂದ ಬರೋದು ಸ್ವಲ್ಪವೇ. ಆ ಸ್ವಲ್ಪವನ್ನು ಬಸ್ಸು ಲಾರಿಗೆ ಇಟ್ಟುಕೊಳ್ಳಲಿ.

ಹೊಂಗೆಯ ಲೆಕ್ಕವನ್ನೂ ಹಾಕಿಬಿಟ್ಟೆ. ಒಂದು ಲೀಟರ್ ಎಣ್ಣೆಗೆ ಹತ್ತಿರ ಹತ್ತಿರ ನಾಲ್ಕು ಕೆಜಿ ಬೀಜ. ಕೆಜಿಗೆ 30 ರೂಪಾಯಿ ಅಂದರೂ 120. ಡೀಸೆಲ್ 90 ಚಿಲ್ಲರೆ. ಅದೂ ಕಾಯಿ ಆರಿಸಿ, ಒಣಗಿಸಿ, ಕೋಲಿನಿಂದ ಬಡಿದು ಸಿಪ್ಪೆ ಬಿಡಿಸುವ ಕೂಲಿ ಬಿಟ್ಟು. ಸಾಬೂನಿನವರು, ಚರ್ಮ ಹದ ಮಾಡುವವರು ಡೀಸೆಲ್‌ಗಿಂತ ಜಾಸ್ತಿ ಕೊಟ್ಟು ಆ ಎಣ್ಣೆ ಒಯ್ಯುವಾಗ ಎಂಜಿನ್ನಿಗೆ ಯಾರು ಹಾಕ್ತಾರೆ? ಜೀಪಿನವರು ಯಾಕೆ ವಾಪಸ್ ಬರಲಿಲ್ಲ ಅಂತ ಇವತ್ತು ಅರ್ಥ ಆಯ್ತು. ಆದರೂ ಮನೆಯಲ್ಲಿ ಎರಡು ಮೂಟೆ ಬೀಜ ಇದೆ, ಕೊಟ್ಟಿಗೆಯಲ್ಲಿ ಅಪ್ಪನ ಐದು ಎಚ್‌ಪಿ ಡೀಸೆಲ್ ಎಂಜಿನ್ ಕೂತಿದೆ. ಒಂದು ಸಲ ನೋಡಿಬಿಡೋಣ ಅಂತ ಆಸೆ.

ಗ್ಯಾರೇಜ್_ಮಾವ

ನೋಡಿ, ಆದರೆ ನಾನು ಹೇಳಿದ ಹಾಗೆ ಮಾಡಿ. ಗಾಣದ ಎಣ್ಣೆ ತುಂಬಾ ಮಂದ. ಮೆಥನಾಲ್, ಕಾಸ್ಟಿಕ್ ಸೋಡಾ ಹಾಕಿ ಗ್ಲಿಸರಿನ್ ಬೇರೆ ಮಾಡಿದರೆ ಅದು ಸರಿಯಾದ ಬಯೋಡೀಸೆಲ್. ಹಾಸನದ ಮಡೆನೂರಿನ ಜೈವಿಕ ಇಂಧನ ಪಾರ್ಕಿನಲ್ಲಿ ಆ ಕೆಲಸ ತೋರಿಸುತ್ತಾರೆ. ಮನೆಯಲ್ಲಿ ಮಾತ್ರ ಅದರ ಸಹವಾಸ ಬೇಡ, ಮೆಥನಾಲ್ ವಿಷ. ನೀವು ಎಣ್ಣೆಯನ್ನು ಒಂದು ವಾರ ಹಾಗೇ ಇಡಿ, ತಳ ಕೂರಲಿ. ಮೇಲಿನದನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ. ಎಂಜಿನ್ ಡೀಸೆಲ್‌ನಲ್ಲೇ ಸ್ಟಾರ್ಟ್ ಮಾಡಿ, ಚೆನ್ನಾಗಿ ಬಿಸಿಯಾದ ಮೇಲೆ ನಾಲ್ಕು ಪಾಲು ಡೀಸೆಲ್ಲಿಗೆ ಒಂದು ಪಾಲು ಹೊಂಗೆ ಕೊಡಿ. ನಿಲ್ಲಿಸುವ ಹತ್ತು ನಿಮಿಷ ಮುಂಚೆ ಮತ್ತೆ ಬರೀ ಡೀಸೆಲ್. ಇಲ್ಲದಿದ್ದರೆ ನಾಝಲ್ ಕಟ್ಟಿ ನನ್ನ ಹತ್ತಿರವೇ ಬರ್ತೀರಿ.

ಹೊಂಗೆ_ನೆರಳು

ಹದಿನೈದು ದಿನ ಆದ ಮೇಲೆ ಬರೀತಿದ್ದೀನಿ. ಗಾಣದವನು ಮೊದಲು ಹಿಂದೇಟು ಹಾಕಿದ. ಹೊಂಗೆ ಹಾಕಿದರೆ ಕಹಿ ಹತ್ತುತ್ತೆ, ಆಮೇಲೆ ಕೊಬ್ಬರಿ ಆಡಿಸುವವರು ಬಯ್ತಾರೆ ಅಂತ. ಸಂಜೆ ಕೊನೆಗೆ ಆಡಿಸಿಕೊಟ್ಟ. 48 ಕೆಜಿ ಬೀಜಕ್ಕೆ 11 ಲೀಟರ್ ಚಿಲ್ಲರೆ ಬಂತು, ಕಂದು ಕೆಂಪು ಬಣ್ಣ, ಕೈಗೆ ಹತ್ತಿದರೆ ಎರಡು ದಿನ ವಾಸನೆ ಹೋಗಲಿಲ್ಲ. ಮಾವ ಹೇಳಿದಂತೆ ತಳ ಕೂರಿಸಿ, ಸೋಸಿ, ಭಾನುವಾರ ಎಂಜಿನ್ನಿಗೆ ಕೊಟ್ಟೆ. ಐವತ್ತು ನಿಮಿಷ ಓಡಿತು! ಶಬ್ದ ಸ್ವಲ್ಪ ಮೆತ್ತಗಾಯ್ತು, ಹೊಗೆ ಹೆಚ್ಚೇನೂ ಇಲ್ಲ, ತೋಟದ ತುಂಬಾ ದೇವಸ್ಥಾನದ ಹಳೆ ದೀಪದಂಥ ವಾಸನೆ. ಆಮೇಲೆ ಕೆಮ್ಮೋಕೆ ಶುರು ಮಾಡಿತು. ಬಿಚ್ಚಿ ನೋಡಿದರೆ ಫಿಲ್ಟರಿನಲ್ಲಿ ಬೆಲ್ಲದ ಪಾಕದಂಥ ಜಿಡ್ಡು. ಒಂದೇ ಪದರ ಬಟ್ಟೆಯಲ್ಲಿ ಸೋಸಿದ್ದೆ, ಒಪ್ಪಿಕೊಳ್ತೀನಿ.

ಉಳಿದ ಎಣ್ಣೆ ಇದೆ, ಮುಂದಿನ ವಾರ ಮತ್ತೆ ನೋಡ್ತೀನಿ. ಬೈಕಿನ ಚೈನು ಬಿಗಿ ಮಾಡಿಸಿ ಗಾಳಿ ಹೊಡೆಸಿದೆ. ಈಗ 50 ಕೊಡ್ತಿದೆ.

ಗ್ಯಾರೇಜ್_ಮಾವ

ಹೇಳಿರಲಿಲ್ವಾ.

ಮಲೆನಾಡ್_ಅಡಿಕೆ

ಅದೆಲ್ಲ ಇರಲಿ, ಆಡಿಸಿದ ಮೇಲೆ 35 ಕೆಜಿ ಹಿಂಡಿ ಬಂದಿರಬೇಕಲ್ಲ, ಅದನ್ನು ಏನು ಮಾಡಿದ್ರಿ? ಗಾಣದವನಿಗೆ ಬಿಟ್ಟು ಬಂದಿಲ್ಲ ತಾನೆ? ಈ ಸಲದ ಲೆಕ್ಕದಲ್ಲಿ ನಿಮಗೆ ನಿಜವಾಗಿ ದುಡ್ಡು ಹುಟ್ಟೋದು ಅದರಲ್ಲೇ.

ಹೊಂಗೆ_ನೆರಳು

ಅಯ್ಯೋ. ಗಾಣದ ಬಾಗಿಲ ಹಿಂದೆ ಚೀಲ ಕಟ್ಟಿಟ್ಟಿದ್ದೆ. ಈಗಲೇ ಹೊರಟೆ.